ಮೊದಲು ಕೈ, ಆಮೇಲೆ ಕಾಲು

ಮೊನ್ನೆ ಸೋಮವಾರ ಬೆಳಿಗ್ಗೆ ನನ್ನ ಮೊಮ್ಮಗಳು ನಡೆದಳು. ಒಂದಲ್ಲ ಎರಡಲ್ಲ, ಐದು ಹೆಜ್ಜೆ! ಗೋಡೆ ಬಿಟ್ಟು, ಅವ್ವನ ಸೆರಗು ಬಿಟ್ಟು, ಎರಡೂ ಕೈ ಮೇಲೆತ್ತಿಕೊಂಡು, ಕುಡಿದವರ ಹಾಗೆ ತೂರಾಡುತ್ತ ನಡುಮನೆಯಿಂದ ಪಡಸಾಲೆಗೆ ಬಂದು ದೊಪ್ಪನೆ ಕೂತುಬಿಟ್ಟಳು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಮುದುಕಿ ಹಿಡಿದ ಒನಕೆ ಹಿಡಿದ ಹಾಗೇ ಓಡಿ ಬಂದಳು.

"ಏನಾತಬೇ? ಯಾರು ಬಿದ್ರು?"

"ನಡದ್ಳು!"

"ಯಾರು?"

"ನಮ್ಮ ಕೂಸು!"

"ಥೂ ನಿನ್ನ! ಕೂಸು ನಡೀದೆ ಮತ್ತೇನು ಹಾರತಾವೇನು? ನನ್ನ ಎದಿ ಒಡದು ನೀರಾತು," ಎಂದು ಬೈದು, ಬೈಯುತ್ತಲೇ ನಕ್ಕು, ಮಗುವಿನ ಕೆನ್ನೆ ಸವರಿ ನೆಟಿಗೆ ಮುರಿದಳು. ಹತ್ತೂ ಬೆರಳು ಲಟಲಟ ಅಂದವು. ಅಷ್ಟು ದೃಷ್ಟಿ ಆಗಿತ್ತು ನನ್ನ ಬಂಗಾರಕ್ಕೆ.

ನಮ್ಮ ಸಿರುಗುಪ್ಪದ ಕಡೆ ತೆಲುಗು ಸೀಮೆಯ ನಂಟು ಹೆಚ್ಚು. ಅಲ್ಲಿಂದ ಬಂದ ಸೊಸೆಯರು ತಂದ ಪದ್ಧತಿ ಒಂದಿದೆ. ಕೂಸು ಮೊದಲ ಹೆಜ್ಜೆ ಇಟ್ಟರೆ ಹೊಸ ಅಕ್ಕಿ ಕುಟ್ಟಿ, ಬೆಲ್ಲದ ಪಾಕಕ್ಕೆ ಹಾಕಿ ಅತ್ತರಸ ಕರಿಯಬೇಕು. ಒಂದನ್ನು ಕೂಸಿನ ಪಾದದಡಿ ಇಟ್ಟು ತುಳಿಸಿ, ಉಳಿದವನ್ನು ಮನೆಮನೆಗೆ ಹಂಚಬೇಕು. ಅವತ್ತೇ ಅಕ್ಕಿ ನೆನೆಹಾಕಿದೆ. ಹಾಕುವಾಗಲೇ ಗೊತ್ತಿತ್ತು, ಮೊದಲ ಅತ್ತರಸ ಹೋಗಬೇಕಾದದ್ದು ಕುರುಗೋಡಿನ ಒಂದು ಮನೆಗೆ. ಆ ಮನೆಯ ಯಜಮಾನರು ಹೋದ ತಿಂಗಳು ತೀರಿಕೊಂಡರು. ಸುದ್ದಿ ಬಂದಿತ್ತು. ಬಸ್ಸು ಇತ್ತು. ಮೈಯಲ್ಲಿ ಶಕ್ತಿಯೂ ಇತ್ತು. ಆದರೂ ನಾನು ಅವರ ಮಣ್ಣಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನುವುದನ್ನು ಬರೆಯಲೇಬೇಕು ಅನ್ನಿಸಿದೆ. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟವಳ ಬರಹ ಇದು, ಹಿಂದುಮುಂದಾದರೆ ತಿದ್ದಿಕೊಂಡು ಓದಬೇಕು.

ಅವರ ಹೆಸರು ಬರೆಯುವುದಿಲ್ಲ. ಮಿಲ್ಲಿನಲ್ಲಿ ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪದ ಸುತ್ತ ಎಲ್ಲಿ ನೋಡಿದರೂ ಬತ್ತ, ಬತ್ತದ ಹಿಂದೆ ಮಿಲ್ಲು. ನಮ್ಮದು ಕುದಿಸಿದ ಅಕ್ಕಿಯ ಮಿಲ್ಲು. ಬತ್ತವನ್ನು ತೊಟ್ಟಿಯಲ್ಲಿ ನೆನೆಸಿ, ಬಾಯ್ಲರಿನ ಹಬೆಯಲ್ಲಿ ಬೇಯಿಸಿ, ಬೆಳ್ಳಿ ಮೂಡುವ ಹೊತ್ತಿಗೆ ಕಣದ ಮೇಲೆ ಸುರಿಯುತ್ತಿದ್ದರು. ನಾವು ಹೆಂಗಸರು ಆ ಹೊಗೆಯಾಡುವ ಬತ್ತವನ್ನು ಕಾಲಿನಿಂದ ಸಾಲು ಬಿಡಿಸಿ ಹರಡುತ್ತಿದ್ದೆವು, ಬಿಸಿಲೇರಿದ ಹಾಗೆ ಮತ್ತೆ ಮತ್ತೆ ಕಾಲಾಡಿಸಿ ಒಣಗಿಸುತ್ತಿದ್ದೆವು. ಸಿರಿಗೇರಿಯಿಂದಲೂ ಹೆಂಗಸರು ಬರುತ್ತಿದ್ದರು. ಮೇಸ್ತ್ರಿ ಬಾಯ್ಲರು ನೋಡಿಕೊಳ್ಳುವವರು. ಕುರುಗೋಡಿನ ಕಲ್ಲುಗುಡ್ಡದ ಕೆಳಗೆ ಹುಟ್ಟಿದ ಮನುಷ್ಯ, ಮೈಯೂ ಕಲ್ಲಿನ ಬಣ್ಣವೇ. ಮುಖದ ಮೇಲೆ ಹುಬ್ಬು ಇರಲಿಲ್ಲ. ಆ ಹುಬ್ಬಿನ ಕತೆಯೇ ಅವರ ಕತೆ.

ಬಾಯ್ಲರಿಗೆ ಆಗ ಬಳ್ಳಾರಿ ಸ್ಟೇಷನ್ನಿನಿಂದ ಲಾರಿಯಲ್ಲಿ ಕಲ್ಲಿದ್ದಲು ಬರುತ್ತಿತ್ತು. ಅದು ಸಾಲದಾದಾಗ ಜಾಲಿ ಕಟ್ಟಿಗೆ. ಇತ್ತ ಮಿಲ್ಲಿನಿಂದ ಹೊರಬೀಳುವ ಹೊಟ್ಟು ಯಾರಿಗೂ ಬೇಡವಾದ ಕಸ. ದನ ತಿನ್ನುವುದಿಲ್ಲ, ಗೊಬ್ಬರವಾಗಿ ಬೇಗ ಕೊಳೆಯುವುದೂ ಇಲ್ಲ. ಕಣದ ಹಿಂದೆ ಸುರಿದು ಸುರಿದು ಅದೇ ಒಂದು ಗುಡ್ಡವಾಗುತ್ತಿತ್ತು. ಜಾಗ ತುಂಬಿದಾಗ ಸಾವುಕಾರರ ಅಪ್ಪಣೆಯಂತೆ ಮೇಸ್ತ್ರಿಯೇ ಅದಕ್ಕೆ ಬೆಂಕಿ ಹಚ್ಚಬೇಕು. ಹೊಟ್ಟಿನ ಬೆಂಕಿ ಕಟ್ಟಿಗೆಯ ಬೆಂಕಿಯ ಹಾಗೆ ಉರಿದು ಮುಗಿಯುವಂಥದ್ದಲ್ಲ. ಒಳಗೊಳಗೇ ತಿಂಗಳುಗಟ್ಟಲೆ ಸುಡುತ್ತದೆ. ಮೇಲೆ ಬೂದಿ ಬೆಳ್ಳಗೆ, ಇಬ್ಬನಿ ಬಿದ್ದು ತಣ್ಣಗೆ, ಹಾಸಿಗೆಯ ಹಾಗೆ ಕಾಣುತ್ತದೆ. ಕಾಲಿಟ್ಟರೆ ಮೊಣಕಾಲತನಕ ಕೆಂಡ.

ನಾನು ಕೆಲಸಕ್ಕೆ ಸೇರಿದ ವರ್ಷವೇ ಒಂದು ಎಮ್ಮೆ ಆ ಬೂದಿಗೆ ಇಳಿಯಿತು. ಅದು ಕೂಗಿದ ಕೂಗು ಹೇಗಿತ್ತು ಅಂತ ಬರೆಯಲಾರೆ. ನಾಲ್ಕು ಜನ ಹಗ್ಗ ಹಾಕಿ ಎಳೆದರು. ಎಳೆದು ತಂದ ಮೇಲೆ ಅದರ ಕಾಲು ನೋಡಿ ಎಮ್ಮೆಯವಳು ತಾನೇ ಅಂದಳು, "ಎಳೀಬಾರದಾಗಿತ್ತಣ್ಣ." ಮೇಸ್ತ್ರಿ ಅವತ್ತು ಬುತ್ತಿ ಬಿಚ್ಚಲಿಲ್ಲ. "ನಾ ಹಚ್ಚಿದ ಬೆಂಕಿ," ಅಂದರು, ಅಷ್ಟೇ.

ಮರುದಿನದಿಂದ ದಿನಾ ಬೆಳಕು ಹರಿಯುವಾಗ ಬೂದಿಯ ಅಂಚಿನ ಉದ್ದಕ್ಕೂ ಕೂತು ಕೂತು ಸರಿಯುತ್ತ, ಅಂಗೈ ಮಗುಚಿ ಬೂದಿಯ ಮೇಲೆ ಇಟ್ಟು ನೋಡುವುದು ಅವರ ಕೆಲಸವಾಯಿತು. ಬಿಸಿ ಇದ್ದಲ್ಲಿ ಬೇವಿನ ಕಡ್ಡಿ ನೆಡುತ್ತಿದ್ದರು. ಪಾತ್ರೆ ತಿಕ್ಕಲು, ಹಲ್ಲುಜ್ಜಲು ಬೂದಿ ಒಯ್ಯುವ ಹೆಂಗಸರಿಗೆ ಪಾಠ ಹೇಳಿದ ಹಾಗೆ ಹೇಳುತ್ತಿದ್ದರು, "ಬೂದಿ ಕಂಡ್ರ ಮೊದಲು ಕೈ, ಆಮ್ಯಾಲ ಕಾಲು. ಕೈ ಸುಟ್ರ ಕಾಲು ಉಳೀತೈತಿ."

ಕಡ್ಡಿ ನೆಟ್ಟರೆ ಮುಗಿಯಲಿಲ್ಲ ಅನ್ನುವುದು ಅವರಿಗೇ ಗೊತ್ತಿತ್ತು. ಗುಡ್ಡವೇ ಇರಬಾರದು. ಆ ಒಂದು ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತು. ಗೋದಾವರಿ ಸೀಮೆಯ ಮಿಲ್ಲೊಂದರಲ್ಲಿ ಹೊಟ್ಟಿನಿಂದಲೇ ಬಾಯ್ಲರು ಉರಿಸುವುದನ್ನು ಹಿಂದೆ ಅವರು ನೋಡಿದ್ದರಂತೆ. ಮೆಟ್ಟಿಲು ಮೆಟ್ಟಿಲಾಗಿ ಕಬ್ಬಿಣದ ಪಟ್ಟಿ ಇಟ್ಟು ಕಟ್ಟಿದ ಒಲೆ. ಮೇಲಿನಿಂದ ಸುರಿದ ಹೊಟ್ಟು ಮೆಟ್ಟಿಲಿಳಿಯುತ್ತ ಇಳಿಯುತ್ತ ಉರಿದು, ಕೆಳಗೆ ಬರುವಷ್ಟರಲ್ಲಿ ಬರೀ ಬೂದಿ. ಮೇಸ್ತ್ರಿ ಬಾಯ್ಲರಿನ ಹಿಂದೆ ಮಣ್ಣು, ಹೆಂಚು, ಹಳೆ ಗಾಡಿ ಪಟ್ಟಿ ಕೂಡಿಸಿ ಅಂಥದ್ದೇ ಒಂದು ಸಣ್ಣ ಒಲೆ ಕಟ್ಟಿದರು. ಹೊಟ್ಟು ಗಂಟಲಿಗೆ ಸಿಕ್ಕಿದ ಹಾಗೆ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಬಗ್ಗಿ ನೋಡಿದರೆ ಬುಸ್ ಅಂತ ಮುಖಕ್ಕೆ ಉರಿ ಬರುತ್ತಿತ್ತು. ಹುಬ್ಬು ಹೋಗಿದ್ದು ಹಾಗೆ. ಬೆಳೆಯುವಷ್ಟರಲ್ಲಿ ಮತ್ತೆ ಸುಡುತ್ತಿತ್ತು.

"ಯಾಕ ಮೇಸ್ತ್ರಿ, ಇವತ್ತು ಹುಬ್ಬು ಮನ್ಯಾಗ ಮರತು ಬಂದ್ರೇನು?" ಅನ್ನುತ್ತಿದ್ದಳು ಸಿರಿಗೇರಿಯ ಒಬ್ಬ ಬಾಯಿಬಡುಕಿ.

"ಇಲ್ಲಬೇ ತಂಗಿ, ಒಲಿಗೆ ಎಡಿ ಹಿಡದೀನಿ."

"ನಾಳೆ ಮೀಸಿನೂ ಹಿಡೀತೀರೇನು?"

"ಮೀಸಿ ನಿಮ್ಮಕ್ಕಂದು. ಅದನ್ನ ಕೇಳಬೇಕು."

ಇಡೀ ಕಣ ನಗುತ್ತಿತ್ತು. ಅವರು ಮಾತ್ರ ನಗದೆ ಒಲೆಯ ಬಾಯಿಗೆ ಬಗ್ಗಿರುತ್ತಿದ್ದರು.

ಸಾವುಕಾರರು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಇರುತ್ತಿದ್ದರು, ವಾರಕ್ಕೊಮ್ಮೆ ಕಾರಿನಲ್ಲಿ ಬರುತ್ತಿದ್ದರು. ಮೇಸ್ತ್ರಿ ಅವರ ಮುಂದೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತು ಮೆಟ್ಟಿಲೊಲೆ ಕಟ್ಟಿಸಿರಿ ಅಂತ ಕೇಳಿದ್ದನ್ನು ನಾವೆಲ್ಲ ಕಣದಿಂದಲೇ ಕೇಳಿಸಿಕೊಂಡೆವು.

"ಲೇ, ಹೊಟ್ಟಿಗೆ ಮೆಟ್ಟಿಲು ಕಟ್ಟಸಬೇಕಾ? ಅದೇನು ಗುಡಿಗೆ ಹೊಂಟೈತಾ?"

"ಒಳಗ ಉರಿಸಿದ್ರ ಅನ್ನ ಆಗತೈತ್ರಿ. ಹೊರಗ ಉರಿಸಿದ್ರ ಮಸಣ ಆಗತೈತಿ."

"ದೊಡ್ಡ ಮಾತು ಬಿಡು."

"ದೊಡ್ಡ ಮಾತಲ್ರಿ. ಬತ್ತ ತನ್ನ ಬೇಯಿಸೋ ಬೆಂಕೀನ ತಾನ ಮೈಮ್ಯಾಲ ಹಾಕ್ಕೊಂಡು ಬಂದಿರತೈತಿ. ನಾವು ಅದನ್ನ ಕಳಚಿ ಒಗದು, ಅಷ್ಟು ದೂರದಿಂದ ಕಲ್ಲಿದ್ದಲು ತರಸ್ತೀವಿ."

"ನೋಡೋಣ," ಅಂದು ಸಾವುಕಾರರು ಕಾರು ಹತ್ತಿದರು. ಎರಡು ಸುಗ್ಗಿ ಅದೇ ಮಾತಿನಲ್ಲಿ ಕಳೆಯಿತು. ಗುಡ್ಡ ಬೆಳೆಯುತ್ತಿತ್ತು, ಮೇಸ್ತ್ರಿ ಹಚ್ಚುತ್ತಿದ್ದರು, ಕಡ್ಡಿ ನೆಡುತ್ತಿದ್ದರು.

ಇಷ್ಟು ಬರೆಯುವಷ್ಟರಲ್ಲಿ ನಮ್ಮ ಕಳ್ಳಿ ಬಂದು ಪೆನ್ನು ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಿತು. ತುಟಿಯೆಲ್ಲ ನೀಲಿ. ಎತ್ತಿ ಮುದ್ದಾಡಿ, ಬಾಯಿ ತೊಳೆಸಿ, ಮತ್ತೆ ಕೂತಿದ್ದೇನೆ. ಇನ್ನು ಬರೆಯಬೇಕಾದದ್ದನ್ನು ಇವಳು ಕಿತ್ತುಕೊಂಡು ಹೋದರೇ ಚೆನ್ನಾಗಿತ್ತು.

ನನ್ನ ಮಗಳಿಗೆ, ಅಂದರೆ ಈ ಕೂಸಿನ ಅವ್ವನಿಗೆ, ಆಗ ಹತ್ತು ತಿಂಗಳು. ಅಂಬೆಗಾಲಿಡುತ್ತಿದ್ದಳು. ನಮ್ಮ ಮನೆಯವರು ಎದೆರೋಗದಿಂದ ಮಲಗಿದ್ದರು, ನನ್ನ ದುಡಿಮೆಯ ಮೇಲೆ ಒಲೆ ಉರಿಯಬೇಕು. ಸಂಕ್ರಾಂತಿ ಮುಂಚಿನ ಚಳಿ. ಬೆಳ್ಳಿ ಮೂಡುವ ಹೊತ್ತಿಗೇ ಕಣದಲ್ಲಿ ಇರಬೇಕು. ಕೂಸನ್ನು ಎಲ್ಲಿ ಬಿಡುವುದು? ಅದಕ್ಕೆ ನಾವು ಎಳೆಕೂಸಿನ ತಾಯಂದಿರು ಒಂದು ಕೆಲಸ ಮಾಡುತ್ತಿದ್ದೆವು. ಬೂದಿಗುಡ್ಡದ ಪಕ್ಕ ನೆಲ ಬೆಚ್ಚಗಿರುತ್ತದೆಯಲ್ಲ, ಅಲ್ಲಿ ಗೋಣಿಚೀಲ ಹಾಸಿ ಕೂಸುಗಳನ್ನು ಮಲಗಿಸುತ್ತಿದ್ದೆವು. ಮನೆಯಲ್ಲಿ ಕೌದಿ ಹೊದಿಸಿದರೂ ನಡುಗುವ ಕೂಸು ಅಲ್ಲಿ ಹೊಟ್ಟೆ ಮೇಲೆ ಮಾಡಿ ನಿದ್ದೆ ಹೋಗುತ್ತಿತ್ತು. ಈಗ ಕೇಳಿದವರು ಹುಚ್ಚಿಯರು ಅನ್ನಬಹುದು. ಆಗ ಅದು ಬಡವರ ತೊಟ್ಟಿಲು.

ಮೇಸ್ತ್ರಿಗೆ ಗೊತ್ತಾದಾಗ ಎಂದೂ ಬೈಯದವರು ಬೈದರು. "ಬೆಚ್ಚಗೈತಿ ಅಂದ್ರ ಕೆಳಗ ಬೆಂಕಿ ಐತಿ ಅಂತಬೇ! ತಿಳೀತೈತೋ ಇಲ್ಲೋ?" ಗುಮಾಸ್ತರಿಗೂ ಹೇಳಿದರು. ಇನ್ನು ಯಾವಳಾದರೂ ಕೂಸನ್ನು ಕಣ ದಾಟಿಸಿ ತಂದರೆ ಅವತ್ತೇ ಕೆಲಸದಿಂದ ತೆಗೆಯುತ್ತೇವೆ ಅಂತ ಅಪ್ಪಣೆಯಾಯಿತು. ನಾಲ್ಕು ದಿನ ಎಲ್ಲರೂ ಅಂಜಿದೆವು.

ಐದನೆಯ ದಿನ ಚಳಿ ಇನ್ನೂ ಹೆಚ್ಚಾಗಿತ್ತು, ಮಗಳಿಗೆ ಕೆಮ್ಮು. ಗುಡ್ಡದ ಒಂದು ಮಗ್ಗುಲಲ್ಲಿ ಬೇವಿನ ಕಡ್ಡಿ ಇರಲಿಲ್ಲ. ಕಡ್ಡಿ ಇಲ್ಲ ಅಂದರೆ ಬೂದಿ ಆರಿದೆ, ನೆಲದ ಬಿಸುಪಷ್ಟೇ ಉಳಿದಿದೆ ಅಂತ ಲೆಕ್ಕ ಹಾಕಿದೆ. ಕತ್ತಲು ಇನ್ನೂ ಹರಿದಿರಲಿಲ್ಲ, ಮೇಸ್ತ್ರಿ ಅವತ್ತು ಕೈ ಇಟ್ಟು ನೋಡಲು ಇನ್ನೂ ಬಂದಿರಲಿಲ್ಲ ಅನ್ನುವುದು ತಲೆಗೆ ಹೊಳೆಯಲಿಲ್ಲ. ಗೋಣಿ ಹಾಸಿದೆ, ಮಲಗಿಸಿದೆ, ಯಾರೂ ನೋಡದ ಹಾಗೆ ಕಣಕ್ಕೆ ಬಂದೆ.

ಮೂರು ಸಾಲು ಬಿಡಿಸಿರಬೇಕು. ಮಗಳ ಕಿರುಚು ಕೇಳಿತು. ತಿರುಗಿ ನೋಡಿದರೆ ಗೋಣಿ ಬರಿದಾಗಿತ್ತು, ಅವಳು ಬೂದಿಯ ಮೇಲೆ ಒಂದು ಮಾರು ದೂರ ಹೋಗಿದ್ದಳು. ಹಗುರ ಮೈ, ಮೇಲಿನ ಪದರು ತಡೆದಿತ್ತು, ಒಂದು ಕೈ ಮಾತ್ರ ಒಳಗೆ ಇಳಿದಿತ್ತು. ನನ್ನ ಕಾಲು ಏಳಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೆತ್ತವಳ ಕಾಲು ಏಳಲಿಲ್ಲ. ಬಾಯ್ಲರಿನ ಕಡೆಯಿಂದ ಮೇಸ್ತ್ರಿ ಓಡಿ ಬಂದರು, ಬರಿಗಾಲಲ್ಲಿ. ದಿನಾ ಮೊದಲು ಕೈ ಅಂತ ಹೇಳುತ್ತಿದ್ದ ಮನುಷ್ಯ ಅವತ್ತು ಕೈ ಇಡಲಿಲ್ಲ. ಅವರ ಭಾರಕ್ಕೆ ಪದರು ಮುರಿಯಿತು. ಮೊಣಕಾಲತನಕ ಹೋದರು. ಹೋದವರು ನಿಲ್ಲಲಿಲ್ಲ, ಇನ್ನೂ ಎರಡು ಹೆಜ್ಜೆ ಇಟ್ಟರು, ಕೂಸನ್ನು ಕಿತ್ತು ತಲೆಯ ಮೇಲೆ ಎತ್ತಿ ನಮ್ಮ ಕಡೆ ಎಸೆದರು. ಸಿರಿಗೇರಿಯ ಬಾಯಿಬಡುಕಿ ಸೆರಗಿನಲ್ಲಿ ಹಿಡಿದಳು. ಆಮೇಲೆ ಅವರು ತಿರುಗಿ ಬರಬೇಕಿತ್ತಲ್ಲ, ಮತ್ತೆ ಅಷ್ಟೇ ಹೆಜ್ಜೆ.

ಅವರು ಕೂಗಲಿಲ್ಲ. ಎಮ್ಮೆ ಕೂಗಿತ್ತು, ಅವರು ಕೂಗಲಿಲ್ಲ.

ಲಾರಿಗೆ ಹಾಕುವ ಮುಂಚೆ, ಕಾಲಿಗೆ ಒದ್ದೆ ಬಟ್ಟೆ ಸುತ್ತಿ ನೆಲದ ಮೇಲೆ ಮಲಗಿಸಿದ್ದಾಗ, ಗುಮಾಸ್ತರು ಕೇಳಿದರು, "ಯಾವಳು ಕೂಸನ್ನ ಅಲ್ಲಿ ಮಲಗಿಸಿದಾಕಿ?" ನಾನು ಮಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಯಾರ ಕೂಸು ಅಂತ ಎಲ್ಲರಿಗೂ ಕಾಣುತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ನನ್ನನ್ನು ನೋಡಿದರು. ನೋಡಿ ಅಂದರು, "ನಾನ ಹೇಳಿದ್ದೆ. ಕೂಸಿಗೆ ಕೆಮ್ಮೈತಿ, ಈ ಕಡೆ ತಣ್ಣಗೈತಿ, ಮಲಗಸಬೇ ಅಂತ ನಾನ ಹೇಳಿದ್ದೆ."

ನಾನು ಬಾಯಿ ಮುಚ್ಚಿದೆ.

ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ಇದ್ದರು. ಕಾಲು ಉಳಿದವು, ಬೆರಳು ಉಳಿಯಲಿಲ್ಲ. ಅಪ್ಪಣೆ ಮುರಿದವನು ಬಾಯ್ಲರಿನವನೇ ಅಂದ ಮೇಲೆ ಮಿಲ್ಲಿನವರು ಕೈ ತೊಳೆದುಕೊಂಡರು, ಕೆಲಸ ಹೋಯಿತು. ನನ್ನ ಕೆಲಸ ಉಳಿಯಿತು. ಮುಂದೆ ಹನ್ನೆರಡು ವರ್ಷ ಅದೇ ಕಣದಲ್ಲಿ ದುಡಿದು ಮಗಳನ್ನು ಬೆಳೆಸಿದೆ. ಅವಳ ಬಲಗೈಯ ಎರಡು ಬೆರಳು ಕೂಡಿಕೊಂಡು ಹೋಗಿವೆ, ಅಂಗೈ ಗಟ್ಟಿ ಚರ್ಮ. ಆ ಕೈಯಲ್ಲೇ ರೊಟ್ಟಿ ಬಡಿಯುತ್ತಾಳೆ, ಕೂಸಿಗೆ ಎಣ್ಣೆ ನೀವುತ್ತಾಳೆ.

ಮುಂದಿನ ವರ್ಷದ ಸುಗ್ಗಿಯಲ್ಲಿ ಕಲ್ಲಿದ್ದಲು ಸರಿಯಾಗಿ ಬರದೆ ಹೋಯಿತು, ಸುತ್ತಲ ಜಾಲಿಯೂ ಮುಗಿಯುತ್ತ ಬಂದಿತ್ತು. ಆಗ ಸಾವುಕಾರರಿಗೆ ಮೆಟ್ಟಿಲೊಲೆ ನೆನಪಾಯಿತು. ಗೋದಾವರಿ ಕಡೆಯ ಒಬ್ಬರನ್ನು ಕರೆಸಿ, ಮೇಸ್ತ್ರಿಯ ಮಣ್ಣಿನ ಒಲೆ ತೋರಿಸಿ, ಅದೇ ಥರ ದೊಡ್ಡದು ಕಟ್ಟಿಸಿದರು. ಮೇಸ್ತ್ರಿಯನ್ನು ಯಾರೂ ಕರೆಯಲಿಲ್ಲ. ಮೊದಲ ಬೆಂಕಿ ಹಾಕಿದ ದಿನ ಕಣದಲ್ಲಿದ್ದ ನನಗೆ ಗೇಟಿನ ಆಚೆ ಎರಡು ಕೋಲು, ಗೋಣಿ ಸುತ್ತಿದ ಎರಡು ಕಾಲು ಕಂಡವು. ಕುರುಗೋಡಿನಿಂದ ಬಸ್ಸಿನಲ್ಲಿ ಬಂದಿದ್ದರು. ವಾಚ್‌ಮನ್ ಒಳಗೆ ಬಿಡಲಿಲ್ಲ. ಗೋಡೆಗೆ ಕಿವಿ ಕೊಟ್ಟು ನಿಂತಿದ್ದರು.

"ಹೊಟ್ಟು ಸಿಕ್ಕೊಳ್ಳವಲ್ದು," ಅಂದರು ನನ್ನನ್ನು ಕಂಡು. "ಸಪ್ಪಳ ಕೇಳು, ಜಾರತಾ ಐತಿ. ಬೂದಿ ಯಾವ ಬಣ್ಣ ಬರಾಕತ್ತೈತಿ? ಕರೇದೋ, ಬಿಳೇದೋ?"

ನಾನು ಒಳಗೆ ಓಡಿ, ಮೊದಲು ಕೈ ಇಟ್ಟು ನೋಡಿ, ಆರಿದ ಕಡೆಯಿಂದ ಒಂದು ಹಿಡಿ ಬೂದಿ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಗೇಟಿನ ಸರಳಿನ ಸಂದಿಯಿಂದ ಕೊಟ್ಟೆ. ಎರಡು ಬೆರಳಲ್ಲಿ ಉಜ್ಜಿದರು. ಬೆಳ್ಳಗೆ, ಹಿಟ್ಟಿನ ಹಾಗಿತ್ತು.

"ಪೂರಾ ಬೆಂದೈತಿ," ಅಂದರು. "ನೀರು ಹಾಕಿ ಆರಿಸಿ ಒಯ್ಯಾಕತ್ತಾರೇನು?"

"ಹಾಕತಾರ್ರಿ."

"ಗುಡ್ಡ?"

"ಇನ್ನ ಗುಡ್ಡ ಇರಾದಿಲ್ಲಂತ್ರಿ."

ಅವರು ಆ ಹಿಡಿ ಬೂದಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಅವತ್ತಾದರೂ ಹೇಳಬಹುದಿತ್ತು ನಾನು, ನನ್ನ ತಪ್ಪು ಅಂತ. ಗೇಟಿನ ಈಚೆ ಗುಮಾಸ್ತರು ನಿಂತಿದ್ದರು.

ಆಮೇಲೆ ಅವರು ಕುರುಗೋಡಿನಲ್ಲಿ ಕೂತಲ್ಲೇ ಹಳೆ ಎಣ್ಣೆ ಡಬ್ಬಗಳಿಂದ ಹೊಟ್ಟಿನ ಒಲೆ ಮಾಡುತ್ತಿದ್ದರು. ಡಬ್ಬದ ನಡುವೆ ದುಂಡು ಕೋಲು ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು ತುಂಬಿ, ಕೋಲು ಮೆಲ್ಲಗೆ ಎಳೆದುಬಿಟ್ಟರೆ ಆಯಿತು. ಆ ತೂತಿನಲ್ಲಿ ಹೊಗೆ ಇಲ್ಲದ ಉರಿ ಏಳುತ್ತದೆ, ಒಂದು ಹೊತ್ತಿನ ಅಡುಗೆ ಸಲೀಸು. ನಾನೂ ಒಮ್ಮೆ ಹೋಗಿ ತಂದೆ. ಅವತ್ತು ಅವರ ಹೆಂಡತಿ ಅವರ ಕಾಲಿಗೆ ಎಣ್ಣೆ ಹಚ್ಚುತ್ತ ನನ್ನ ಮುಂದೆಯೇ ಅಂದಳು, "ನೋಡಬೇ, ಊರ ಕೂಸುಗಳನ್ನ ಬೆಚ್ಚಗ ಇಡಾಕ ಹೋದ ಮಹಾರಾಯ. ತಾನ ಹೇಳಿ ಮಲಗಿಸಿ, ತಾನ ಸುಟ್ಕೊಂಡ. ಇವನ ಬುದ್ಧೀಗೆ ಬೆಂಕಿ ಹಚ್ಚ." ನಾನು ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ಡಬ್ಬ ನನ್ನ ಕೈಗಿತ್ತು, "ನಡಿಯವ್ವ, ಬಸ್ಸಿಗೆ ಹೊತ್ತಾತು," ಅಂದರು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಮತ್ತೆ ನಾನು ಆ ಮನೆಗೆ ಹೋಗಲಿಲ್ಲ. ಮಣ್ಣಿಗೂ ಹೋಗಲಿಲ್ಲ. ಸತ್ತವರ ಮುಂದೆ ಅತ್ತರೆ ಆ ಹೆಂಗಸು ನನ್ನನ್ನೇ ಸಮಾಧಾನ ಮಾಡುತ್ತಾಳಲ್ಲ ಅನ್ನಿಸಿತು.

ನಿನ್ನೆ ಅತ್ತರಸ ಕರಿದೆ. ಅದೇ ಡಬ್ಬದ ಒಲೆಯ ಮೇಲೆ. ಕೂಸಿನ ಕಾಲಿಗೆ ಅರಿಸಿನ ಹಚ್ಚಿ ತುಳಿಸಿದೆವು. ಅದು ತುಳಿಯುವುದು ಬಿಟ್ಟು ಬಗ್ಗಿ ಎತ್ತಿ ಕಚ್ಚಿತು, ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಗುನಗುತ್ತಲೇ ನಾನು ಮಗಳನ್ನೂ ಕೂಸನ್ನೂ ಹೊರಡಿಸಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ.

ಮೇಸ್ತ್ರಿಯ ಹೆಂಡತಿ, ಈಗ ಮುದುಕಿ, ಹಿತ್ತಿಲ ಬಾಗಿಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಡಬ್ಬದ ಒಲೆ, ಅದರ ಮುಂದೆ ಗುಪ್ಪೆಯಾಗಿ ಸುರಿದ ಬೂದಿ.

"ಯಾರು?"

"ಸಿರುಗುಪ್ಪದಾಕಿ. ಮಿಲ್ಲಿನ ಕಣದಾಗ ಇದ್ದೆ."

"ಮಣ್ಣಿಗೆ ಬಂದಿದ್ದಿಲ್ಲ."

"ಬಂದಿದ್ದಿಲ್ಲ."

ಅತ್ತರಸದ ಗಂಟು ಅವಳ ಮುಂದೆ ಇಟ್ಟೆ. ಕೂತುಕೊಳ್ಳದೆಯೇ ಹೇಳಿದೆ, ಕೂತರೆ ಹೇಳಲಾರೆ ಅಂತ. "ಅವತ್ತು ಕೂಸನ್ನ ಅಲ್ಲಿ ಮಲಗಸು ಅಂತ ಮೇಸ್ತ್ರಿ ಹೇಳಿದ್ದಿಲ್ಲ. ಬ್ಯಾಡ ಅಂತ ಬೈದಿದ್ರು. ನಾ ಕದ್ದು ಮಲಗಿಸಿದ್ದೆ. ನನ್ನ ಕೆಲಸ ಹೋಗತೈತಿ ಅಂತ ತಮ್ಮ ಮ್ಯಾಲ ಹಾಕ್ಕೊಂಡ್ರು."

ಮಗಳು ನನ್ನ ಮುಖ ನೋಡಿದಳು. ಅವಳಿಗೂ ಅದು ಹೊಸ ಮಾತೇ.

ಮುದುಕಿ ಅತ್ತರಸದ ಗಂಟನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನನಗಲ್ಲ, ಗೋಡೆಗೆ ಹೇಳಿದ ಹಾಗೆ ಹೇಳಿದಳು, "ಹದಿನೆಂಟು ವರ್ಷ. ಕಾಲಿಗೆ ಎಣ್ಣಿ ಹಚ್ಚುವಾಗೆಲ್ಲ ಅಂದೀನಿ. ಸಾಯೋ ಹಿಂದಿನ ದಿನಾನೂ ಅಂದೀನಿ, ನಿನ್ನ ಬುದ್ಧೀಗೆ ಬೆಂಕಿ ಹಚ್ಚ ಅಂತ. ಹೂಂ ಅಂದ. ಒಂದು ದಿನನಾದ್ರೂ ಬಾಯಿ ಬಿಡಬಾರದೇನು ಆ ಮನಿಷ್ಯಾ."

ನನ್ನನ್ನು ಬೈಯಲಿ ಅಂತ ಕಾದೆ. ಬೈಯಲಿಲ್ಲ. ಮಗಳ ಬಲಗೈ ಹಿಡಿದು ಎಳೆದು, ಅಂಗೈ ಮಗುಚಿ, ಕೂಡಿಕೊಂಡ ಎರಡು ಬೆರಳ ಮೇಲೆ ತನ್ನ ಹೆಬ್ಬೆರಳು ಆಡಿಸಿದಳು. ಆ ಹೊತ್ತಿಗೆ ನನ್ನ ಕಂಕುಳಲ್ಲಿದ್ದ ಕೂಸು ಇಳಿಸು ಇಳಿಸು ಅಂತ ಕೊಸರಾಡತೊಡಗಿತು. ನಡೆಯಲು ಬಂದಾಗಿನಿಂದ ಕಂಕುಳು ಬೇಡ ಅದಕ್ಕೆ. ಕಣ್ಣು ಬೂದಿಯ ಗುಪ್ಪೆಯ ಮೇಲೆ. ನಾನು ಬಿಗಿಯಾಗಿ ಹಿಡಿದುಕೊಂಡೆ.

ಮುದುಕಿ ಮಗಳ ಕೈ ಬಿಟ್ಟಳು. ಬಗ್ಗಿ, ತನ್ನ ಅಂಗೈ ಮಗುಚಿ ಬೂದಿಯ ಮೇಲೆ ಇಟ್ಟಳು. ಒಂದು ಕಡೆ ಇಟ್ಟಳು, ಸರಿದು ಇನ್ನೊಂದು ಕಡೆ ಇಟ್ಟಳು, ಆಮೇಲೆ ಬೆರಳು ಒಳಗೆ ತೂರಿಸಿ ತಳದತನಕ ಮುಟ್ಟಿ ನೋಡಿದಳು.

"ಬಿಡು," ಅಂದಳು. "ತಣ್ಣಗೈತಿ."

ನಾನು ಕೂಸನ್ನು ಕೆಳಗೆ ಇಳಿಸಿದೆ.